ಬೇಸ್ ಗಿಟಾರ್‌ಗೆ ಹೊಸ ವೈರಿಂಗ್: ಯಾವುದನ್ನು, ಯಾಕೆ, ಯಾವ ಕ್ರಮದಲ್ಲಿ ಬದಲಿಸಬೇಕು

ಎಲೆಕ್ಟ್ರಿಕ್ ಬೇಸ್ ಗಿಟಾರ್‌ನ ಒಡಲೊಳಗೆ ಇರುವ ಎಲೆಕ್ಟ್ರಾನಿಕ್ಸ್ ಬಹಳ ಕಡಿಮೆ. ತಂತಿಯ ಕಂಪನವನ್ನು ವಿದ್ಯುತ್ತಾಗಿ ಮಾರ್ಪಡಿಸುವ ಪಿಕಪ್, ಸದ್ದನ್ನು ಏರಿಳಿಸುವ ವಾಲ್ಯೂಮ್ ಪಾಟ್, ನಾದದ ಹೊಳಪನ್ನು ತಗ್ಗಿಸುವ ಟೋನ್ ಪಾಟ್, ಅದಕ್ಕೆ ಅಂಟಿದ ಒಂದು ಕೆಪ್ಯಾಸಿಟರ್, ಕೇಬಲ್ ಸಿಕ್ಕಿಸುವ ಜ್ಯಾಕ್, ಇವನ್ನೆಲ್ಲ ಕೂಡಿಸುವ ವೈರು. ಕೆಲವು ವಾದ್ಯಗಳಲ್ಲಿ 9 ವೋಲ್ಟ್ ಬ್ಯಾಟರಿಯಿಂದ ನಡೆಯುವ ಪ್ರಿಆಂಪ್ ಕೂಡ ಇರುತ್ತದೆ. ಭಾಗಗಳು ಕೆಲವೇ ಆದ್ದರಿಂದ ಒಂದನ್ನು ಬದಲಿಸಿದರೆ ಉಳಿದವುಗಳ ನಡವಳಿಕೆಯೂ ಬದಲಾಗುತ್ತದೆ. ಗಣೇಶೋತ್ಸವ, ರಾಜ್ಯೋತ್ಸವ, ಊರಹಬ್ಬಗಳ ಬಯಲು ವೇದಿಕೆಯಲ್ಲಿ ನಡೆಯುವ ವಾದ್ಯಗೋಷ್ಠಿಗೆ ಈ ಆಯ್ಕೆ ಇನ್ನಷ್ಟು ಮುಖ್ಯ. ಅಲ್ಲಿ ಕರೆಂಟು ಜನರೇಟರಿನದು, ಅರ್ಥಿಂಗ್ ಅನುಮಾನದ್ದು, ಕೆಟ್ಟರೆ ಸರಿಮಾಡಲು ಸಮಯವಿಲ್ಲ. ಹಾಸನ ತಾಲ್ಲೂಕಿನ ಶಾಂತಿಗ್ರಾಮದಲ್ಲಿ ಮೈಕ್‌ಸೆಟ್ ರಿಪೇರಿ ಮಾಡುವ ಹಿರಿಯರೊಬ್ಬರು ಮತ್ತು ಹೊಳೆನರಸೀಪುರದ ವಾದ್ಯಗೋಷ್ಠಿಯಲ್ಲಿ ಬೇಸ್ ನುಡಿಸುವ ಯುವಕನೊಬ್ಬ, ಈ ಇಬ್ಬರ ಮಾತುಕತೆಯ ರೂಪದಲ್ಲಿ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ವಾದಕ: ಅಣ್ಣಾ, ಬೇಸ್‌ನ ಸದ್ದು ಮಂಕಾಗಿದೆ, ಗುಂಯ್ ಅಂತ ಹಮ್ಮಿಂಗ್ ಬರುತ್ತದೆ, ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುತ್ತದೆ. ಒಳಗಿನದನ್ನೆಲ್ಲ ಕಿತ್ತು ಹೊಸದು ಹಾಕಿಸಿದರೆ ಸರಿಹೋಗುತ್ತದಾ?

ರಿಪೇರಿಯವರು: ಈ ಮೂರು ದೂರಿಗೂ ಕಾರಣ ಬೇರೆ ಬೇರೆ ಕಣಪ್ಪ. ಕರಕರ ಸದ್ದು ಪಾಟ್‌ನದು. ಅದರೊಳಗಿನ ಕಾರ್ಬನ್ ಪಟ್ಟಿಯ ಮೇಲೆ ಧೂಳು ಕೂತಿರುತ್ತದೆ, ಇಲ್ಲವೇ ಪಟ್ಟಿ ಸವೆದಿರುತ್ತದೆ. ಹಮ್ಮಿಂಗ್‌ಗೆ ಶೀಲ್ಡಿಂಗ್, ಗ್ರೌಂಡ್, ಪಿಕಪ್‌ನ ಬಗೆ, ವೇದಿಕೆಯ ಕರೆಂಟು, ಇವುಗಳಲ್ಲಿ ಯಾವುದಾದರೂ ಕಾರಣವಾಗಬಹುದು. ಮಂಕಿಗೆ ಕಾರಣ ಎಷ್ಟೋ ಸಲ ಗಿಟಾರ್‌ನ ಹೊರಗೇ ಇರುತ್ತದೆ. ಆದ್ದರಿಂದ ಮೊದಲ ಕೆಲಸ ಕೊಳ್ಳುವುದಲ್ಲ, ಅಳೆಯುವುದು.

ವಾದಕ: ಹೊರಗೆ ಅಂದರೆ ಎಲ್ಲಿ?

ರಿಪೇರಿಯವರು: ಕೇಬಲ್‌ನ ಇನ್ನೊಂದು ತುದಿಯಲ್ಲಿ. ನಮ್ಮ ಕಡೆ ಬೇಸ್‌ಗೆ ಬೇರೆ ಆಂಪ್ಲಿಫೈಯರ್ ಇಲ್ಲದಿದ್ದರೆ ಕೇಬಲನ್ನು ನೇರವಾಗಿ ಮಿಕ್ಸರ್‌ನ ಲೈನ್ ಇನ್‌ಪುಟ್‌ಗೆ ಚುಚ್ಚಿಬಿಡುತ್ತಾರೆ. ಆ ಇನ್‌ಪುಟ್‌ನ ಇಂಪೀಡೆನ್ಸ್ ಸಾಮಾನ್ಯವಾಗಿ 10ರಿಂದ 20 ಕಿಲೋ ಓಮ್ ಮಾತ್ರ. ಬ್ಯಾಟರಿಯಿಲ್ಲದ ಬೇಸ್‌ನ ಪಿಕಪ್ ಸುರುಳಿಯ ರೋಧವೇ 7ರಿಂದ 11 ಕಿಲೋ ಓಮ್ ಇರುತ್ತದೆ. ಹೊರೆ ಮತ್ತು ಮೂಲ ಎರಡೂ ಸರಿಸಮ ಆದಾಗ ಸಿಗ್ನಲ್‌ನ ಅರ್ಧ ಅಲ್ಲೇ ಹೋಗುತ್ತದೆ. ಸುರುಳಿಗೆ ಇಂಡಕ್ಟೆನ್ಸ್ ಕೂಡ ಇರುವುದರಿಂದ ಮೇಲಿನ ಸ್ವರಾಂಶಗಳು ಅರ್ಧಕ್ಕಿಂತಲೂ ಹೆಚ್ಚು ಕಳೆದುಹೋಗುತ್ತವೆ. ಮಂಕು ಹುಟ್ಟುವುದು ಹೀಗೆ. ಎಷ್ಟೇ ಬೆಲೆಯ ಪಿಕಪ್ ಹಾಕಿದರೂ ಈ ಹೊರೆ ಇರುವವರೆಗೆ ಸದ್ದು ತೆರೆದುಕೊಳ್ಳುವುದಿಲ್ಲ.

ವಾದಕ: ಅದಕ್ಕೆ ಪರಿಹಾರ?

ರಿಪೇರಿಯವರು: ಗಿಟಾರ್‌ಗೂ ಮಿಕ್ಸರ್‌ಗೂ ನಡುವೆ ಹಾಕುವ ಡಿಐ ಬಾಕ್ಸ್. ಅದರಲ್ಲೂ ಆಕ್ಟಿವ್ ಡಿಐ. ಅದರ ಇನ್‌ಪುಟ್ ಸುಮಾರು 1 ಮೆಗಾ ಓಮ್ ಇರುವುದರಿಂದ ಪಿಕಪ್ ಮೇಲೆ ಹೊರೆ ಬೀಳುವುದಿಲ್ಲ. ಮಿಕ್ಸರ್ ಕೊಡುವ 48 ವೋಲ್ಟ್ ಫ್ಯಾಂಟಮ್ ಪವರ್‌ನಿಂದಲೇ ಇಂಥ ಹಲವು ಡಿಐಗಳು ನಡೆಯುತ್ತವೆ. ಕೆಲವು ಮಿಕ್ಸರ್‌ಗಳಲ್ಲಿ ಗಿಟಾರ್‌ಗೆಂದೇ ಒಂದು ಹೈ-ಝಡ್ ಗುಂಡಿ ಇರುತ್ತದೆ, ಅದನ್ನು ಒತ್ತಿದರೂ ಸಾಕು. ಕೇಬಲ್‌ನ ಉದ್ದವೂ ಲೆಕ್ಕಕ್ಕೆ ಬರುತ್ತದೆ. ಸಾಮಾನ್ಯ ಗಿಟಾರ್ ಕೇಬಲ್‌ಗೆ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಕೆಪ್ಯಾಸಿಟೆನ್ಸ್ ಇರುತ್ತದೆ. 6 ಮೀಟರ್ ಕೇಬಲ್ ಅಂದರೆ 600. ಪಿಕಪ್‌ನ ಇಂಡಕ್ಟೆನ್ಸ್ 5 ಹೆನ್ರಿ ಅಂತ ಹಿಡಿದರೆ, ಈ ಎರಡೂ ಸೇರಿ ಸುಮಾರು 2,900 ಹರ್ಟ್ಸ್ ಬಳಿ ಒಂದು ಉಬ್ಬು ಕೊಟ್ಟು, ಅಲ್ಲಿಂದ ಮೇಲಿನದನ್ನು ಇಳಿಸಿಬಿಡುತ್ತವೆ. ಕೇಬಲ್ 3 ಮೀಟರ್ ಆದರೆ ಆ ಉಬ್ಬು ಸುಮಾರು 4,100 ಹರ್ಟ್ಸ್‌ಗೆ ಸರಿಯುತ್ತದೆ. ಡಿಐಯನ್ನು ವಾದಕನ ಕಾಲ ಬಳಿಯೇ ಇಟ್ಟು, ಅಲ್ಲಿಂದ ಮಿಕ್ಸರ್‌ವರೆಗೆ ಮೈಕ್ ಕೇಬಲ್ ಎಳೆಯುವುದು ಇದಕ್ಕಾಗಿ.

ವಾದಕ: ಸರಿ, ಹೊರಗಿನದು ಸರಿಯಿದೆ ಅಂತ ಇಟ್ಟುಕೊಳ್ಳೋಣ. ಒಳಗೆ ಏನು ಕೆಟ್ಟಿದೆ ಅಂತ ಬಿಚ್ಚದೆ ತಿಳಿಯಬಹುದಾ?

ರಿಪೇರಿಯವರು: ಬಹುಮಟ್ಟಿಗೆ ತಿಳಿಯಬಹುದು. ಗಿಟಾರ್‌ಗೆ ಕೇಬಲ್ ಹಾಕಿ, ಇನ್ನೊಂದು ತುದಿಯ ಪ್ಲಗ್‌ನ ಮೂತಿಗೂ ಮೈಗೂ ಮಲ್ಟಿಮೀಟರ್ ಹಿಡಿಯಬೇಕು. ಎರಡು ಪಿಕಪ್, ಎರಡು ವಾಲ್ಯೂಮ್ ಇರುವ ಜ್ಯಾಝ್ ಬೇಸ್ ಮಾದರಿಯಲ್ಲಿ ಒಂದು ವಾಲ್ಯೂಮ್ ಪೂರ್ತಿ ಏರಿಸಿ, ಇನ್ನೊಂದನ್ನು ಪೂರ್ತಿ ಇಳಿಸಿದರೆ ಮೀಟರ್ 7 ಕಿಲೋ ಓಮ್ ಆಸುಪಾಸು ತೋರಿಸಬೇಕು. ಅದು ಆ ಒಂದು ಪಿಕಪ್‌ನ ರೋಧ, ಪಾಟ್‌ಗಳಿಂದಾಗಿ ಸ್ವಲ್ಪ ಕಡಿಮೆ ಕಾಣುತ್ತದೆ. ಎರಡನ್ನೂ ಏರಿಸಿದರೆ ಅದರ ಅರ್ಧ ಬರಬೇಕು. 100 ಕಿಲೋ ಓಮ್ ದಾಟಿದರೆ ಸುರುಳಿ ಕಡಿದಿದೆ, ಮೀಟರ್ ನೋಡುತ್ತಿರುವುದು ಬರೀ ಪಾಟ್‌ಗಳನ್ನು. ಏನೂ ತೋರಿಸದಿದ್ದರೆ ಜ್ಯಾಕ್ ಇಲ್ಲವೇ ಅದರ ವೈರು ಬಿಟ್ಟಿದೆ. ಸೊನ್ನೆ ಬಂದರೆ ಎಲ್ಲೋ ಶಾರ್ಟ್ ಆಗಿದೆ. ಮೀಟರ್ ಹಿಡಿದಿರುವಾಗಲೇ ಕೇಬಲನ್ನೂ ಜ್ಯಾಕನ್ನೂ ಅಲ್ಲಾಡಿಸಬೇಕು. ಮೀಟರ್‌ನ ಅಂಕೆ ಕುಣಿದರೆ ಬೆಸುಗೆ ಸಡಿಲ. ಬ್ಯಾಟರಿ ಇರುವ ಆಕ್ಟಿವ್ ಬೇಸ್‌ಗೆ ಈ ಪರೀಕ್ಷೆ ನಡೆಯುವುದಿಲ್ಲ, ನಡುವೆ ಪ್ರಿಆಂಪ್ ಕೂತಿರುತ್ತದೆ.

ವಾದಕ: ಪಾಟ್ ಕರಕರ ಅಂದರೆ ಬದಲಿಸಲೇಬೇಕಾ?

ರಿಪೇರಿಯವರು: ಮೊದಲು ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಮಾಡಿ ಆ ತುದಿಯಿಂದ ಈ ತುದಿಗೆ ಕೆಲವು ಸಲ ತಿರುಗಿಸಬೇಕು. ಧೂಳಾಗಿದ್ದರೆ ಅಷ್ಟಕ್ಕೇ ಹೋಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ, ಕೊಬ್ಬರಿ ಎಣ್ಣೆ ಯಾವುದನ್ನೂ ಬಿಡಬಾರದು. ಎಣ್ಣೆ ಧೂಳನ್ನು ಹಿಡಿದಿಟ್ಟು ಪಟ್ಟಿಯನ್ನು ಇನ್ನಷ್ಟು ಕೆಡಿಸುತ್ತದೆ. ಸಕಲೇಶಪುರ, ಆಲೂರು ಕಡೆಯ ಮಳೆಗಾಲದ ತೇವದಲ್ಲಿ ಜ್ಯಾಕ್‌ನ ಲೋಹ ಕಪ್ಪಾಗುವುದೂ ಸಾಮಾನ್ಯ. ಅದನ್ನೂ ಇದೇ ಕ್ಲೀನರ್‌ನಿಂದ ಒರೆಸಬೇಕು. ಎರಡು ಸಲ ತೊಳೆದರೂ ಕರಕರ ಹೋಗದಿದ್ದರೆ ಪಟ್ಟಿ ಸವೆದಿದೆ ಅಂತಲೇ ಅರ್ಥ. ಆಗ ಬದಲಿಸಬೇಕು.

ವಾದಕ: ಹೊಸ ಪಾಟ್ ಯಾವ ಮೌಲ್ಯದ್ದು, ಅಂದರೆ ಎಷ್ಟು ಕಿಲೋ ಓಮ್‌ನದು?

ರಿಪೇರಿಯವರು: ಅದನ್ನು ತೀರ್ಮಾನಿಸುವುದು ಪಿಕಪ್. ಒಂಟಿ ಸುರುಳಿಯ ಪಿಕಪ್‌ಗೆ 250 ಕಿಲೋ ಓಮ್, ಜೋಡಿ ಸುರುಳಿಯ ಹಂಬಕರ್‌ಗೆ 500 ಕಿಲೋ ಓಮ್, ಇಎಂಜಿಯಂಥ ಆಕ್ಟಿವ್ ಪಿಕಪ್‌ಗೆ 25 ಕಿಲೋ ಓಮ್. ಎರಡು ತುಂಡಿನ ಪಿಕಪ್ ಇರುವ ಪ್ರೆಸಿಷನ್ ಬೇಸ್‌ಗೂ ವಾಡಿಕೆಯಿಂದ 250 ಹಾಕುತ್ತಾರೆ. ಪಾಟ್ ಕೂಡ ಪಿಕಪ್ ಮೇಲೆ ಒಂದು ಹೊರೆಯೇ. ಎರಡು ವಾಲ್ಯೂಮ್, ಒಂದು ಟೋನ್, ಮೂರೂ 250ರದ್ದಾದರೆ ಮೇಲಿನ ಸ್ವರಾಂಶಗಳಿಗೆ ಅವೆಲ್ಲ ಸೇರಿ ಸುಮಾರು 83 ಕಿಲೋ ಓಮ್‌ನ ಒಂದೇ ಹೊರೆಯಾಗಿ ಕಾಣುತ್ತವೆ. ಮೂರೂ 500 ಆದರೆ 167. ಹೊರೆ ಹಗುರಾದಷ್ಟೂ ಸದ್ದು ಹೊಳೆಯುತ್ತದೆ, ಬೆರಳು ತಂತಿಗೆ ತಾಗುವ ಸದ್ದೂ ಎದ್ದು ಕೇಳುತ್ತದೆ. ಹೊಳಪು ಬೇಕೆನ್ನುವವರು ಒಂಟಿ ಸುರುಳಿಗೂ 500 ಹಾಕಿಕೊಳ್ಳಬಹುದು, ಅದರಿಂದ ಏನೂ ಕೆಡುವುದಿಲ್ಲ. 25 ಕಿಲೋ ಓಮ್ ಪಾಟನ್ನು ಮಾತ್ರ ಬ್ಯಾಟರಿಯಿಲ್ಲದ ಪಿಕಪ್‌ಗೆ ಹಾಕಬಾರದು, ಲೈನ್ ಇನ್‌ಪುಟ್‌ಗೆ ಚುಚ್ಚಿದ ಹಾಗೇ ಮಂಕಾಗುತ್ತದೆ.

ವಾದಕ: ಪಾಟ್ ಮೇಲೆ ಎ, ಬಿ ಅಂತ ಅಕ್ಷರ ಇರುತ್ತದಲ್ಲ?

ರಿಪೇರಿಯವರು: ಅದು ತಿರುಗಿಸಿದಾಗ ರೋಧ ಹೇಗೆ ಏರುತ್ತದೆ ಅನ್ನುವುದರ ಗುರುತು. ಈಗ ಅಂಗಡಿಗೆ ಬರುವ ಪಾಟ್‌ಗಳಲ್ಲಿ ಎ ಅಂದರೆ ಆಡಿಯೋ, ಬಿ ಅಂದರೆ ಲೀನಿಯರ್. ಕಿವಿಗೆ ಸದ್ದು ಸಮನಾಗಿ ಏರಿದಂತೆ ಕೇಳಬೇಕಾದರೆ ಆಡಿಯೋ ಬಗೆಯದೇ ಬೇಕು. ಲೀನಿಯರ್ ಹಾಕಿದರೆ ಸದ್ದಿನ ಬದಲಾವಣೆಯೆಲ್ಲ ಕೆಳಗಿನ ಸ್ವಲ್ಪ ತಿರುವಿನಲ್ಲೇ ಮುಗಿದುಹೋಗುತ್ತದೆ. ಎರಡು ಪಿಕಪ್‌ಗಳನ್ನು ಒಂದೇ ಗುಂಡಿಯಲ್ಲಿ ಬೆರೆಸುವ ಬ್ಲೆಂಡ್ ಪಾಟ್ ಬೇರೆಯೇ ಜಾತಿ. ಅದು ಜೋಡಿ ಪಾಟ್, ನಡುವೆ ಒಂದು ತಡೆ ಸಿಗುತ್ತದೆ, ಆ ಜಾಗದಲ್ಲಿ ಎರಡೂ ಪಿಕಪ್ ಪೂರ್ತಿ ತೆರೆದಿರುತ್ತವೆ. ಮಾಮೂಲಿ ಜೋಡಿ ಪಾಟ್ ತಂದು ಅಲ್ಲಿ ಹಾಕಿದರೆ ನಡುವೆ ಸದ್ದು ಕುಗ್ಗುತ್ತದೆ.

ವಾದಕ: ಅಳತೆ ಹೊಂದುತ್ತದಾ ಅಂತ ನೋಡುವುದು ಹೇಗೆ?

ರಿಪೇರಿಯವರು: ನಾಲ್ಕು ಅಳತೆ ಬರೆದುಕೊಂಡು ಹೋಗಬೇಕು: ಮರದ ಇಲ್ಲವೇ ತಗಡಿನ ತೂತಿನ ಅಗಲ, ಪಾಟ್‌ನ ಮೈಯ ಅಗಲ, ದಂಡಿನ ದಪ್ಪ, ಕುಳಿಯ ಆಳ. ಅಮೆರಿಕದ ಸಿಟಿಎಸ್ ಪಾಟ್‌ಗಳ ಕತ್ತಿಗೆ ಸುಮಾರು 9.5 ಮಿಲಿಮೀಟರ್ ತೂತು ಬೇಕು, ಮೈ ಸುಮಾರು 24 ಮಿಲಿಮೀಟರ್. ಅಗ್ಗದ ಏಷ್ಯನ್ ಬೇಸ್‌ಗಳಲ್ಲಿ ಬರುವ ಚಿಕ್ಕ ಪಾಟ್‌ನ ಮೈ 16 ಮಿಲಿಮೀಟರ್, ತೂತು 7ರಿಂದ 8. ದಂಡು ಕೆಲವದರಲ್ಲಿ 6 ಮಿಲಿಮೀಟರ್, ಕೆಲವದರಲ್ಲಿ 6.35. ಈ ಸಣ್ಣ ವ್ಯತ್ಯಾಸಕ್ಕೇ ಹಳೆಯ ಗುಂಡಿ ಹೊಸ ದಂಡಿಗೆ ಕೂರುವುದಿಲ್ಲ. ಮರ ಕೊರೆದು ತೂತು ದೊಡ್ಡದು ಮಾಡುವ ಬದಲು ಹಳೆಯ ಅಳತೆಯ ಒಳ್ಳೆಯ ಪಾಟ್ ಹುಡುಕುವುದು ಲೇಸು. ಕೊಳ್ಳುವಾಗ ಮೀಟರ್ ಹಿಡಿದೇ ಕೊಳ್ಳಬೇಕು. ಸಾಮಾನ್ಯ ಪಾಟ್‌ಗಳಿಗೆ ಶೇಕಡಾ 20 ಹೆಚ್ಚುಕಡಿಮೆ ಇರಲು ಅವಕಾಶವಿದೆ, ಅಂದರೆ 250 ಅಂತ ಬರೆದದ್ದು 200 ಇರಬಹುದು, 300 ಕೂಡ ಇರಬಹುದು.

ವಾದಕ: ಕೆಪ್ಯಾಸಿಟರ್ ವಿಷಯದಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹಳೆಯ ಕಾಲದ್ದು, ಎಣ್ಣೆ ತುಂಬಿದ್ದು, ದುಬಾರಿಯದು ಹಾಕಿದರೆ ನಾದವೇ ಬೇರೆ ಅನ್ನುತ್ತಾರೆ.

ರಿಪೇರಿಯವರು: ಮುಖ್ಯವಾದದ್ದು ಅದರ ಮೌಲ್ಯ. ಟೋನ್ ಗುಂಡಿ ಪೂರ್ತಿ ಇಳಿಸಿದಾಗ ಮೇಲಿನ ಸ್ವರಾಂಶಗಳು ಈ ಕೆಪ್ಯಾಸಿಟರ್ ಮೂಲಕ ಗ್ರೌಂಡ್‌ಗೆ ಹರಿದುಹೋಗುತ್ತವೆ. ಎಲ್ಲಿಂದ ಹರಿಯಬೇಕು ಅನ್ನುವುದನ್ನು ಪಿಕಪ್‌ನ ಇಂಡಕ್ಟೆನ್ಸ್ ಮತ್ತು ಇದರ ಮೌಲ್ಯ ಸೇರಿ ತೀರ್ಮಾನಿಸುತ್ತವೆ. 5 ಹೆನ್ರಿಯ ಪಿಕಪ್‌ಗೆ 0.047 ಮೈಕ್ರೋಫ್ಯಾರಡ್ ಹಾಕಿದರೆ ಸುಮಾರು 330 ಹರ್ಟ್ಸ್‌ನಿಂದ ಮೇಲಿನದು ಇಳಿಯುತ್ತದೆ. 0.1 ಹಾಕಿದರೆ ಸುಮಾರು 225ರಿಂದ, 0.022 ಹಾಕಿದರೆ ಸುಮಾರು 480ರಿಂದ. ಮೊದಲನೆಯದು ಬೇಸ್‌ಗೆ ವಾಡಿಕೆಯದು. ಎರಡನೆಯದು ಬಹಳ ಗುಮ್ಮೆನ್ನುವ ಹಳೆಯ ನಾದ, ಮೂರನೆಯದರಲ್ಲಿ ಟೋನ್ ಇಳಿಸಿದರೂ ಸ್ವರ ಸ್ಪಷ್ಟ. ಕೆಪ್ಯಾಸಿಟರ್ ಮೇಲೆ ಇವನ್ನು 473, 104, 223 ಅಂತ ಬರೆದಿರುತ್ತಾರೆ. ಗಿಟಾರ್‌ನೊಳಗೆ ವೋಲ್ಟೇಜ್ ತೀರಾ ಕಡಿಮೆ, ಆದ್ದರಿಂದ 50 ಇಲ್ಲವೇ 100 ವೋಲ್ಟ್‌ನ ಪಾಲಿಯೆಸ್ಟರ್ ಫಿಲ್ಮ್ ಕೆಪ್ಯಾಸಿಟರ್ ಸಾಕು. ಕೆಲವೇ ರೂಪಾಯಿಯ ವಸ್ತು. ಮೂರೂ ಮೌಲ್ಯದ್ದನ್ನು ತಂದು, ಒಂದೊಂದನ್ನೇ ಕ್ಲಿಪ್‌ನಲ್ಲಿ ಹಚ್ಚಿ ಕೇಳಿ ನೋಡಿ, ಆಮೇಲೆ ಬೆಸೆಯಬೇಕು.

ವಾದಕ: ಈಗ ಹಮ್ಮಿಂಗ್ ವಿಚಾರ. ಮಿಕ್ಸರ್‌ನಲ್ಲಿ 50 ಹರ್ಟ್ಸ್ ತಗ್ಗಿಸಿದರೆ ಹೋಗುವುದಿಲ್ಲವೇ?

ರಿಪೇರಿಯವರು: ಹಾಗೆ ಮಾಡಿದರೆ ಬೇಸ್‌ನ ಸ್ವರವೇ ಹೋಗುತ್ತದೆ. ನಾಲ್ಕು ತಂತಿಯ ಬೇಸ್‌ನಲ್ಲಿ ಬಿಟ್ಟ ಇ ತಂತಿ 41.2 ಹರ್ಟ್ಸ್, ಎ 55, ಡಿ 73.4, ಜಿ 98. ಇ ತಂತಿಯ ಮೂರನೇ ಫ್ರೆಟ್ 49. ನಮ್ಮ ಮನೆ ಕರೆಂಟು 230 ವೋಲ್ಟ್, 50 ಹರ್ಟ್ಸ್, ಅದರ ಗುಂಯ್ 50ರಲ್ಲೂ 100ರಲ್ಲೂ ಕೇಳುತ್ತದೆ. ಅಂದರೆ ಕೆಳಗಿನ ಜಿ ಸ್ವರ, ಮೇಲಿನ ಜಿ ಸ್ವರ ಎರಡರ ಪಕ್ಕದಲ್ಲೇ. ಅದನ್ನು ಕತ್ತರಿಸಿದರೆ ಜಿ ಸ್ವರ ಬಂದಾಗಲೆಲ್ಲ ಬೇಸ್ ಕುಸಿಯುತ್ತದೆ. ಆದ್ದರಿಂದ ಹಮ್ಮಿಂಗನ್ನು ಹುಟ್ಟುವ ಜಾಗದಲ್ಲೇ ತಡೆಯಬೇಕು.

ವಾದಕ: ಅದು ಹುಟ್ಟುವ ಜಾಗ ಯಾವುದು?

ರಿಪೇರಿಯವರು: ಎರಡು ಬಗೆ. ಒಂದು, ಟ್ರಾನ್ಸ್‌ಫಾರ್ಮರ್, ಜನರೇಟರ್ ಸುತ್ತಲಿನ ಕಾಂತಕ್ಷೇತ್ರವನ್ನು ಪಿಕಪ್ ಸುರುಳಿ ನೇರವಾಗಿ ಹಿಡಿಯುವುದು. ಇದನ್ನು ಯಾವ ತಾಮ್ರದ ಹಾಳೆಯೂ ತಡೆಯುವುದಿಲ್ಲ, ವಿರುದ್ಧ ಸುತ್ತಿನ ಇನ್ನೊಂದು ಸುರುಳಿಯೇ ತಡೆಯಬೇಕು. ಎರಡು, ಸೀರಿಯಲ್ ಸೆಟ್ ದೀಪ, ಎಲ್‌ಇಡಿ ಪಟ್ಟಿ, ಡಿಮ್ಮರ್‌ಗಳಿಂದ ಬರುವ ಝುಂಯ್ ಅನ್ನುವ ಸದ್ದು. ಇದರ ಬಹುಪಾಲು ಒಳಗಿನ ವೈರುಗಳೂ ಕುಳಿಯೂ ಗಾಳಿಯಿಂದ ಹಿಡಿದುಕೊಳ್ಳುವಂಥದ್ದು, ಇದಕ್ಕೆ ಶೀಲ್ಡಿಂಗ್ ಮದ್ದು. ಪರೀಕ್ಷೆ ಸುಲಭ. ವಾದಕ ನಿಂತಲ್ಲೇ ಸುತ್ತ ತಿರುಗಿದಾಗ ಗುಂಯ್ ಹೆಚ್ಚುಕಡಿಮೆ ಆದರೆ ಅದು ಮೊದಲನೆಯದು. ತಂತಿ ಮುಟ್ಟಿದಾಗ ಸದ್ದು ತಗ್ಗಿದರೆ ಎರಡನೆಯದು.

ವಾದಕ: ಶೀಲ್ಡಿಂಗ್ ಮಾಡುವುದು ಹೇಗೆ?

ರಿಪೇರಿಯವರು: ಪಾಟ್‌ಗಳ ಕುಳಿ, ಪಿಕಪ್‌ನ ಕುಳಿ, ಮುಚ್ಚಳದ ಒಳಮೈ ಎಲ್ಲಕ್ಕೂ ತಾಮ್ರದ ಹಾಳೆ ಅಂಟಿಸಬೇಕು. ಅಂಟೂ ವಿದ್ಯುತ್ ಹರಿಸುವ ಬಗೆಯದಾಗಿರಬೇಕು. ಇಲ್ಲದಿದ್ದರೆ ಹಾಳೆಗಳ ಅಂಚುಗಳನ್ನು ಒಂದರ ಮೇಲೊಂದು ಬರುವಂತೆ ಹಚ್ಚಿ ಬೆಸುಗೆ ಹಾಕಬೇಕು. ಮುಚ್ಚಳ ಕೂತಾಗ ಅದರ ಹಾಳೆ ಕುಳಿಯ ಹಾಳೆಗೆ ತಾಗಬೇಕು. ಕೊನೆಗೆ ಎಲ್ಲವೂ ಒಂದಾಗಿ ಗ್ರೌಂಡ್‌ಗೆ ಸೇರಿದೆಯೇ ಅಂತ ಮೀಟರ್‌ನಲ್ಲಿ ನೋಡಬೇಕು. ಸೇರದೆ ಉಳಿದ ಹಾಳೆ ಸದ್ದನ್ನು ತಡೆಯುವ ಬದಲು ಹಿಡಿದುಕೊಡುತ್ತದೆ. ಸಿಗ್ನಲ್ ಒಯ್ಯುವ ಬಿಸಿ ವೈರು, ಪಾಟ್‌ನ ಕಾಲುಗಳು ಹಾಳೆಗೆ ತಾಗಬಾರದು, ತಾಗುವ ಭಯವಿದ್ದ ಕಡೆ ಇನ್ಸುಲೇಷನ್ ಟೇಪ್ ಹಚ್ಚಬೇಕು.

ವಾದಕ: ತಂತಿ ಮುಟ್ಟಿದರೆ ಸದ್ದು ತಗ್ಗುತ್ತದೆ ಅಂದಿರಿ. ತಂತಿ ಗ್ರೌಂಡ್‌ಗೆ ಸೇರಿದೆ ಅಂತ ತಾನೇ? ಶಾಕ್ ಹೊಡೆಯುವುದಿಲ್ಲವೇ?

ರಿಪೇರಿಯವರು: ಅತ್ಯಂತ ಎಚ್ಚರದಿಂದ ತಿಳಿಯಬೇಕಾದ ವಿಷಯ ಇದು. ಬ್ರಿಡ್ಜ್ ಕೆಳಗೆ ಒಂದು ವೈರು ಕೂತಿರುತ್ತದೆ. ಅದು ತಂತಿಗಳನ್ನೂ ನುಡಿಸುವವನ ಮೈಯನ್ನೂ ಗ್ರೌಂಡ್‌ಗೆ ಸೇರಿಸುತ್ತದೆ. ಸದ್ದು ತಗ್ಗಲು ಅದು ಬೇಕು. ಆದರೆ ಆ ಗ್ರೌಂಡ್ ಕೇಬಲ್ ಮೂಲಕ ಆಂಪ್ಲಿಫೈಯರ್‌ನ ಮೈಗೆ, ಅಲ್ಲಿಂದ ಮೂರು ಪಿನ್ನಿನ ಅರ್ಥ್‌ಗೆ ಹೋಗುತ್ತದೆ. ಅರ್ಥ್ ಪಿನ್ ಮುರಿದ ಪ್ಲಗ್, ಎರಡು ಪಿನ್ನಿನ ಎಕ್ಸ್‌ಟೆನ್ಷನ್, ಅರ್ಥ್ ರಾಡ್ ಹೂಳದ ಜನರೇಟರ್ ಇದ್ದರೆ, ಆಂಪ್ಲಿಫೈಯರ್‌ನಲ್ಲಿ ಸಣ್ಣ ಸೋರಿಕೆಯಾದರೂ ಅದು ತಂತಿಗೆ ಬಂದು ನಿಲ್ಲುತ್ತದೆ. ತಂತಿ ಹಿಡಿದವನು ಮೈಕ್‌ಗೆ ತುಟಿ ತಾಗಿಸಿದರೆ ಮೈಯೇ ದಾರಿಯಾಗುತ್ತದೆ. ಪ್ರಾಣ ಹೋಗಬಹುದು.

ವಾದಕ: ವೇದಿಕೆ ಹತ್ತುವ ಮುಂಚೆ ಏನು ನೋಡಬೇಕು?

ರಿಪೇರಿಯವರು: ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಒಂದು ಕಡ್ಡಿಯನ್ನು ಗಿಟಾರ್‌ನ ಬ್ರಿಡ್ಜ್‌ಗೆ, ಇನ್ನೊಂದನ್ನು ಮೈಕ್‌ನ ಜಾಲರಿಗೆ ಹಿಡಿಯಬೇಕು. ಮೀಟರ್ ಸೊನ್ನೆಗೆ ಹತ್ತಿರ ತೋರಿಸಬೇಕು. ಹತ್ತಾರು ವೋಲ್ಟ್ ತೋರಿಸಿದರೆ ಅರ್ಥಿಂಗ್ ಸರಿಯಾಗುವವರೆಗೆ ನುಡಿಸಬಾರದು. ವೇದಿಕೆಯ ಮೈಕ್‌ಸೆಟ್, ಬೇಸ್, ಕೀಬೋರ್ಡ್ ಎಲ್ಲಕ್ಕೂ ಒಂದೇ ಬೋರ್ಡ್‌ನಿಂದ, ಒಂದೇ ಅರ್ಥ್‌ನಿಂದ ಕರೆಂಟು ಕೊಡಬೇಕು. ಆ ಬೋರ್ಡ್‌ಗೆ, ಸೋರಿಕೆ ಕಂಡೊಡನೆ ಕರೆಂಟು ಕಡಿಯುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಇರಬೇಕು. ಹಮ್ಮಿಂಗ್ ಹೋಗಲಿ ಅಂತ ಪ್ಲಗ್‌ನ ಅರ್ಥ್ ಪಿನ್ ಕಿತ್ತುಹಾಕುವ ಅಭ್ಯಾಸವನ್ನು ಎಲ್ಲರೂ ಬಿಡಬೇಕು. ಆ ಕೆಲಸಕ್ಕೆ ಡಿಐ ಬಾಕ್ಸ್‌ನಲ್ಲಿ ಗ್ರೌಂಡ್ ಲಿಫ್ಟ್ ಸ್ವಿಚ್ ಇದೆ. ಅದು ಸಿಗ್ನಲ್ ಕೇಬಲ್‌ನ ಹೊದಿಕೆಯನ್ನು ಮಾತ್ರ ಬಿಡಿಸುತ್ತದೆ, ಕರೆಂಟಿನ ಅರ್ಥ್ ಹಾಗೆಯೇ ಉಳಿಯುತ್ತದೆ.

ವಾದಕ: ಇನ್ನು ಪಿಕಪ್. ಯಾವಾಗ ಬದಲಿಸಬೇಕು?

ರಿಪೇರಿಯವರು: ಸುರುಳಿ ಕಡಿದಿದ್ದಾಗ, ಇಲ್ಲವೇ ಉಳಿದೆಲ್ಲ ಸರಿಯಾದ ಮೇಲೂ ನಾದ ಒಗ್ಗದಿದ್ದಾಗ. ಬಗೆಗಳನ್ನು ಮೊದಲು ತಿಳಿಯಬೇಕು. ಲಿಯೋ ಫೆಂಡರ್ ಅವರ ಪ್ರೆಸಿಷನ್ ಬೇಸ್ ಬಂದದ್ದು 1951ರಲ್ಲಿ, ಒಂಟಿ ಸುರುಳಿಯ ಪಿಕಪ್‌ನೊಂದಿಗೆ. 1957ರಲ್ಲಿ ಅದನ್ನು ಎರಡು ತುಂಡು ಮಾಡಿ, ತುಂಡಿಗೆ ಎರಡು ತಂತಿಯಂತೆ ಹಂಚಿ, ವಿರುದ್ಧ ಸುತ್ತು ವಿರುದ್ಧ ಕಾಂತದಿಂದ ಜೋಡಿಸಿದರು. ಹಾಗಾಗಿ ಅದು ಗುಂಯ್ ಅನ್ನು ತಾನೇ ಅಳಿಸುತ್ತದೆ. 1960ರಲ್ಲಿ ಬಂದ ಜ್ಯಾಝ್ ಬೇಸ್‌ಗೆ ಎರಡು ಒಂಟಿ ಸುರುಳಿಗಳು. ಇವತ್ತಿನ ಜೋಡಿಗಳಲ್ಲಿ ಅವೂ ಒಂದಕ್ಕೊಂದು ವಿರುದ್ಧ. ಎರಡೂ ಸಮನಾಗಿ ತೆರೆದಿದ್ದರೆ ಗುಂಯ್ ಇಲ್ಲ, ಒಂದನ್ನು ತಗ್ಗಿಸಿದರೆ ಮರಳಿ ಬರುತ್ತದೆ. 1976ರ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇಯಲ್ಲಿ ಒಂದು ದೊಡ್ಡ ಹಂಬಕರ್ ಮತ್ತು ಒಳಗೇ ಪ್ರಿಆಂಪ್.

ವಾದಕ: ವಾದ್ಯಗೋಷ್ಠಿಗೆ ಯಾವುದು ಒಗ್ಗುತ್ತದೆ?

ರಿಪೇರಿಯವರು: ಹಾಡುಗಳ ಪಟ್ಟಿ ನೋಡಿ ಹೇಳಬೇಕು. ಒಂದೇ ರಾತ್ರಿ ಇಳಯರಾಜ ಅವರ ‘ಗೀತಾ’ (1981), ಹಂಸಲೇಖ ಅವರ ‘ಪ್ರೇಮಲೋಕ’ (1987), ಮನೋಮೂರ್ತಿ ಅವರ ‘ಮುಂಗಾರು ಮಳೆ’ (2006) ಚಿತ್ರಗಳ ಹಾಡೆಲ್ಲ ಬರುತ್ತವೆ. ಒಂದಕ್ಕೆ ದುಂಡನೆಯ ಸದ್ದು, ಇನ್ನೊಂದಕ್ಕೆ ಬಿಡಿಬಿಡಿಯಾದ ಚುರುಕು ಸದ್ದು ಬೇಕಾಗುತ್ತದೆ. ಜ್ಯಾಝ್ ಬೇಸ್‌ನ ಎರಡು ಪಿಕಪ್ ಇದಕ್ಕೆ ಹೆಚ್ಚು ಅವಕಾಶ ಕೊಡುತ್ತದೆ. ಆದರೆ ಜನರೇಟರ್ ಪಕ್ಕದಲ್ಲೇ ನಿಂತು ನುಡಿಸುವವರಿಗೆ ಅದೇ ಆಕಾರದಲ್ಲಿ ಬರುವ ಹಮ್ಮಿಂಗ್ ಇಲ್ಲದ ಪಿಕಪ್ ಮೇಲು. ಹೊರಗಿನಿಂದ ಮಾಮೂಲಿಯಂತೆ ಕಂಡರೂ ಅದರೊಳಗೆ ಎರಡು ಸುರುಳಿ ಇರುತ್ತದೆ, ಒಂದನ್ನೇ ತೆರೆದರೂ ಗುಂಯ್ ಇಲ್ಲ.

ವಾದಕ: ಒಂದೇ ಪಿಕಪ್ ಕೆಟ್ಟಿದ್ದರೆ ಒಂದನ್ನೇ ಬದಲಿಸಬಹುದಾ?

ರಿಪೇರಿಯವರು: ಜೋಡಿಯಾಗಿ ಬದಲಿಸುವುದೇ ಸರಿ. ಬೇರೆ ತಯಾರಕರ ಪಿಕಪ್‌ನ ಸುತ್ತು, ಕಾಂತದ ದಿಕ್ಕು ಹಳೆಯದಕ್ಕೆ ಹೊಂದದೇ ಹೋದರೆ ಎರಡೂ ತೆರೆದಾಗ ಗುಂಯ್ ಉಳಿಯುತ್ತದೆ, ಇಲ್ಲವೇ ಬೇಸ್ ಬತ್ತಿ ಸದ್ದು ತೆಳ್ಳಗಾಗುತ್ತದೆ. ತೆಳ್ಳಗಾದರೆ ಒಂದು ಪಿಕಪ್‌ನ ಎರಡು ವೈರು ಅದಲುಬದಲು ಮಾಡಿದಾಗ ಬೇಸ್ ಮರಳುತ್ತದೆ, ಆದರೆ ಗುಂಯ್ ಅಳಿಯುವುದು ಕಾಂತದ ದಿಕ್ಕೂ ಹೊಂದಿದಾಗ ಮಾತ್ರ. ಅಳತೆಯೂ ನೋಡಬೇಕು. ಹಲವು ಜ್ಯಾಝ್ ಮಾದರಿಗಳಲ್ಲಿ ನೆಕ್ ಕಡೆಯ ಪಿಕಪ್ ಬ್ರಿಡ್ಜ್ ಕಡೆಯದಕ್ಕಿಂತ ಸ್ವಲ್ಪ ಗಿಡ್ಡ. ಬದಲಿಸಿದ ಮೇಲೆ ತಂತಿಗೂ ಪಿಕಪ್‌ಗೂ ಇರುವ ಅಂತರ ಸರಿಪಡಿಸಬೇಕು. ಬಹಳ ಹತ್ತಿರ ತಂದರೆ ಕಾಂತ ತಂತಿಯನ್ನೇ ಎಳೆದು ಸ್ವರ ಅಲುಗುತ್ತದೆ.

ವಾದಕ: ಪ್ರಿಆಂಪ್ ಹಾಕಿ ಆಕ್ಟಿವ್ ಮಾಡಿಕೊಂಡರೆ ಎಲ್ಲವೂ ಒಟ್ಟಿಗೇ ಪರಿಹಾರ ಆಗುತ್ತದಲ್ಲ?

ರಿಪೇರಿಯವರು: ಕೆಲವು ಪರಿಹಾರ ಆಗುತ್ತವೆ, ಕೆಲವು ಹೊಸದಾಗಿ ಬರುತ್ತವೆ. ಪ್ರಿಆಂಪ್ ಇದ್ದರೆ ಗಿಟಾರ್‌ನ ಔಟ್‌ಪುಟ್ ಇಂಪೀಡೆನ್ಸ್ ತಗ್ಗುತ್ತದೆ. ಉದ್ದ ಕೇಬಲ್‌ಗೂ, ಮಿಕ್ಸರ್‌ನ ಲೈನ್ ಇನ್‌ಪುಟ್‌ಗೂ ಅದು ಜಗ್ಗುವುದಿಲ್ಲ. ಬೇಸ್, ಮಿಡ್, ಟ್ರೆಬಲ್ ಬೇರೆ ಬೇರೆ ಏರಿಳಿಸಬಹುದು. ಆದರೆ ಕೆಟ್ಟ ಗ್ರೌಂಡ್ ಅದರಿಂದ ಸರಿಹೋಗುವುದಿಲ್ಲ, ಪಿಕಪ್ ಹಿಡಿದ ಗುಂಯ್ ಅನ್ನೂ ಅದು ಏರಿಸಿಯೇ ಕೊಡುತ್ತದೆ. ಬೇಸ್ ಗುಂಡಿಯನ್ನು 12 ಡೆಸಿಬೆಲ್ ಏರಿಸಿದರೆ ಆ ಭಾಗಕ್ಕೆ ಆಂಪ್ಲಿಫೈಯರ್‌ನಿಂದ ಸುಮಾರು 16 ಪಟ್ಟು ಶಕ್ತಿ ಕೇಳಿದಂತೆ. ಸಣ್ಣ ಬಾಕ್ಸ್‌ಗಳು ಒಡೆಯುವುದು ಹೀಗೆಯೇ.

ವಾದಕ: ಬ್ಯಾಟರಿ ಎಷ್ಟು ದಿನ ಬರುತ್ತದೆ?

ರಿಪೇರಿಯವರು: ಪ್ರಿಆಂಪ್ ಎಷ್ಟು ಕರೆಂಟು ಎಳೆಯುತ್ತದೆ ಅನ್ನುವುದರ ಮೇಲೆ. 9 ವೋಲ್ಟ್‌ನ ಆಲ್ಕಲೈನ್ ಬ್ಯಾಟರಿಯಲ್ಲಿ ಸುಮಾರು 500 ಮಿಲಿ ಆಂಪಿಯರ್-ಗಂಟೆ ಇರುತ್ತದೆ. 1 ಮಿಲಿ ಆಂಪಿಯರ್ ಎಳೆದರೆ ಲೆಕ್ಕಕ್ಕೆ 500 ಗಂಟೆ. ಅಗ್ಗದ ಜಿಂಕ್ ಬ್ಯಾಟರಿ ಅಷ್ಟು ಬರುವುದಿಲ್ಲ, ಸೋರಿ ಕುಳಿಯನ್ನೂ ಹಾಳುಮಾಡುತ್ತದೆ. ಆಕ್ಟಿವ್ ಬೇಸ್‌ಗೆ ಸ್ಟೀರಿಯೋ ಜ್ಯಾಕ್ ಇರುತ್ತದೆ. ಕೇಬಲ್ ಚುಚ್ಚಿದಾಗ ಬ್ಯಾಟರಿಯ ಮೈನಸ್ ಗ್ರೌಂಡ್‌ಗೆ ಸೇರಿ ಪ್ರಿಆಂಪ್ ಆನ್ ಆಗುತ್ತದೆ. ಆದ್ದರಿಂದ ಕೇಬಲ್ ಚುಚ್ಚಿಟ್ಟೇ ಮನೆಗೆ ಹೋದರೆ ಬ್ಯಾಟರಿ ಖಾಲಿ. ಅಳೆದಾಗ 8 ವೋಲ್ಟ್‌ಗಿಂತ ಕೆಳಗಿದ್ದರೆ ಕಾರ್ಯಕ್ರಮಕ್ಕೆ ಮೊದಲೇ ಬದಲಿಸಬೇಕು. ಆಕ್ಟಿವ್-ಪ್ಯಾಸಿವ್ ಸ್ವಿಚ್ ಇರುವ ಪ್ರಿಆಂಪನ್ನೇ ಆರಿಸಬೇಕು, ಹಾಡಿನ ನಡುವೆ ಬ್ಯಾಟರಿ ಸತ್ತರೂ ಸ್ವಿಚ್ ತಿರುಗಿಸಿ ನುಡಿಸುತ್ತಾ ಹೋಗಬಹುದು. ಬ್ಯಾಟರಿ ಕ್ಲಿಪ್ ತಿರುಗುಮುರುಗಾಗಿ ಒಂದು ಕ್ಷಣ ತಾಗಿದರೂ ರಕ್ಷಣೆಯ ಡಯೋಡ್ ಇಲ್ಲದ ಪ್ರಿಆಂಪ್‌ನ ಚಿಪ್ ಸುಡಬಹುದು.

ವಾದಕ: ಆಕ್ಟಿವ್ ಪಿಕಪ್ ಅಂದರೆ ಬೇರೆಯಾ?

ರಿಪೇರಿಯವರು: ಬೇರೆ. ಪ್ರಿಆಂಪ್ ಹಾಕಿದ ಮಾತ್ರಕ್ಕೆ ಪಿಕಪ್ ಆಕ್ಟಿವ್ ಆಗುವುದಿಲ್ಲ. ಇಎಂಜಿಯಂಥ ಆಕ್ಟಿವ್ ಪಿಕಪ್‌ನ ಒಳಗೇ ಚಿಕ್ಕ ಸರ್ಕ್ಯೂಟ್ ಕೂತಿರುತ್ತದೆ, ಅದಕ್ಕೇ 25 ಕಿಲೋ ಓಮ್ ಪಾಟ್ ಸಾಕಾಗುತ್ತದೆ. ಅದರ ಒಳಗೇ ಶೀಲ್ಡಿಂಗ್ ಇರುವುದರಿಂದ ಬ್ರಿಡ್ಜ್ ವೈರನ್ನು ಜೋಡಿಸಬೇಡಿ ಅಂತ ತಯಾರಕರೇ ಹೇಳುತ್ತಾರೆ. ಅರ್ಥಿಂಗ್ ನಂಬಲಾಗದ ವೇದಿಕೆಗಳಿಗೆ ಇದು ಒಂದು ದೊಡ್ಡ ಅನುಕೂಲ, ತಂತಿಗೂ ಆಂಪ್ಲಿಫೈಯರ್‌ಗೂ ನೇರ ಸಂಬಂಧ ಇರುವುದಿಲ್ಲ. ಆದರೆ ಬ್ಯಾಟರಿ ಸತ್ತರೆ ಇದರಿಂದ ಸದ್ದೇ ಬರುವುದಿಲ್ಲ, ಪ್ಯಾಸಿವ್‌ಗೆ ತಿರುಗಿಸುವ ದಾರಿ ಇಲ್ಲ.

ವಾದಕ: ವೈರಿಂಗ್ ಮಾಡುವಾಗ ಹೆಚ್ಚಾಗಿ ತಪ್ಪುವುದು ಎಲ್ಲಿ?

ರಿಪೇರಿಯವರು: ಎರಡು ವಾಲ್ಯೂಮ್ ಇರುವ ಜ್ಯಾಝ್ ಬೇಸ್‌ನಲ್ಲಿ. ಅಲ್ಲಿ ಪಿಕಪ್‌ನ ಬಿಸಿ ವೈರು ಪಾಟ್‌ನ ನಡುವಿನ ಕಾಲಿಗೆ ಬರಬೇಕು, ಪಕ್ಕದ ಕಾಲಿನಿಂದ ಜ್ಯಾಕ್‌ಗೆ ಹೋಗಬೇಕು. ತಿರುಗುಮುರುಗಾದರೆ ಒಂದು ವಾಲ್ಯೂಮ್ ಪೂರ್ತಿ ಇಳಿಸಿದಾಗ ಇಡೀ ಬೇಸ್ ಸದ್ದಿಲ್ಲದಾಗುತ್ತದೆ. ಪ್ರೆಸಿಷನ್ ಬೇಸ್‌ನ ಒಂದೇ ವಾಲ್ಯೂಮ್‌ಗೆ ಉಲ್ಟಾ: ಪಿಕಪ್ ಪಕ್ಕದ ಕಾಲಿಗೆ, ಔಟ್‌ಪುಟ್ ನಡುವಿನ ಕಾಲಿನಿಂದ. ಹಳೆಯದನ್ನು ಕೀಳುವ ಮೊದಲು ಮೊಬೈಲ್‌ನಲ್ಲಿ ಫೋಟೋ ತೆಗೆದು, ಕಾಗದದ ಮೇಲೆ ಚಿತ್ರ ಬರೆದು ಇಟ್ಟುಕೊಂಡರೆ ಈ ತಪ್ಪು ಆಗುವುದಿಲ್ಲ.

ವಾದಕ: ವೈರು, ಬೆಸುಗೆ?

ರಿಪೇರಿಯವರು: ಒಂದೇ ಕಡ್ಡಿಯ ವೈರಿಗಿಂತ ಎಳೆಗಳ ವೈರು ಒಳ್ಳೆಯದು, ಅಲುಗಾಟಕ್ಕೆ ಮುರಿಯುವುದಿಲ್ಲ. 0.2 ಮಿಲಿಮೀಟರ್‌ನ 7 ಎಳೆ ಸಾಕು. ಕುಳಿಯಿಂದ ಜ್ಯಾಕ್‌ಗೆ ದೂರ ಇದ್ದರೆ ಶೀಲ್ಡ್ ಇರುವ ವೈರು ಹಾಕಬೇಕು. ತವರ 60, ಸೀಸ 40ರ, ಒಳಗೆ ರೋಸಿನ್ ಇರುವ ಬೆಸುಗೆ ತಂತಿ ಬಳಸಬೇಕು. ಆಮ್ಲದ ಫ್ಲಕ್ಸ್ ಹಚ್ಚಿದರೆ ವರ್ಷದೊಳಗೆ ತುಕ್ಕು ಹಿಡಿಯುತ್ತದೆ. ಪಾಟ್‌ನ ಕಾಲಿಗೆ 25 ವಾಟ್‌ನ ಐರನ್ ಸಾಕು. ಅದರ ಬೆನ್ನಿಗೆ ಗ್ರೌಂಡ್ ವೈರು ಹಚ್ಚಲು 40ರಿಂದ 60 ವಾಟ್ ಬೇಕು. ಕಡಿಮೆ ವಾಟ್‌ನದನ್ನು ಬಹಳ ಹೊತ್ತು ಒತ್ತಿದರೆ ಬಿಸಿ ಒಳಗಿಳಿದು ಕಾರ್ಬನ್ ಪಟ್ಟಿಯೇ ಕೆಡುತ್ತದೆ. ಬೆನ್ನನ್ನು ಮೊದಲು ಉಪ್ಪುಕಾಗದದಿಂದ ಉಜ್ಜಬೇಕು. ಬೆಸುಗೆ ಹೊಳೆಯುತ್ತಾ ಹರಡಿರಬೇಕು, ಗೋಲಿಯ ಹಾಗೆ ಕೂತಿದ್ದರೆ ಅದು ಹಿಡಿದಿಲ್ಲ.

ವಾದಕ: ಸಾಮಾನು ಎಲ್ಲಿ ಸಿಗುತ್ತದೆ?

ರಿಪೇರಿಯವರು: ಕೆಪ್ಯಾಸಿಟರ್, ವೈರು, ಬೆಸುಗೆ, ಬ್ಯಾಟರಿ ಕ್ಲಿಪ್ ಹಾಸನದ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೇ ಸಿಗುವ ಮಾಮೂಲಿ ಸಾಮಾನು. ಒಳ್ಳೆಯ ಪಾಟ್, ತಾಮ್ರದ ಹಾಳೆ, 6.35 ಮಿಲಿಮೀಟರ್‌ನ ಗಟ್ಟಿ ಜ್ಯಾಕ್‌ಗೆ ಬೆಂಗಳೂರಿನ ಎಸ್.ಪಿ. ರಸ್ತೆ. ಪಿಕಪ್, ಪ್ರಿಆಂಪ್ ಸಂಗೀತ ವಾದ್ಯಗಳ ಅಂಗಡಿಯಿಂದ ತರಿಸಬೇಕು. ಅವು ಬಹುಪಾಲು ಹೊರದೇಶದವು, ಬಂದ ಮೇಲೆ ಅಳತೆ ಹೊಂದದಿದ್ದರೆ ಹಿಂದಿರುಗಿಸುವುದು ಕಷ್ಟ. ಆದ್ದರಿಂದಲೇ ಅವು ಪಟ್ಟಿಯ ಕೊನೆಯಲ್ಲಿರಬೇಕು.

ವಾದಕ: ಹಾಗಾದರೆ ಕ್ರಮವನ್ನು ಒಟ್ಟಿಗೆ ಹೇಳಿ ಅಣ್ಣಾ.

ರಿಪೇರಿಯವರು: ಮೊದಲು ಅರ್ಥಿಂಗ್, ಕೇಬಲ್, ಡಿಐ. ಆಮೇಲೆ ಮೀಟರ್‌ನಿಂದ ತಪಾಸಣೆ, ಪಾಟ್ ಮತ್ತು ಜ್ಯಾಕ್ ತೊಳೆಯುವುದು, ಸಡಿಲ ಬೆಸುಗೆ ಗಟ್ಟಿ ಮಾಡುವುದು. ಮೂರನೆಯದು ಶೀಲ್ಡಿಂಗ್ ಮತ್ತು ಬ್ರಿಡ್ಜ್ ವೈರು. ನಾಲ್ಕನೆಯದು ಸವೆದ ಪಾಟ್, ಜ್ಯಾಕ್, ಬೇಕೆನಿಸಿದ ಮೌಲ್ಯದ ಕೆಪ್ಯಾಸಿಟರ್. ಐದನೆಯದು ಪಿಕಪ್. ಪ್ರಿಆಂಪ್ ಬೇಕೇ ಬೇಕು ಅನಿಸಿದರೆ ಅದು ಕೊನೆ. ಒಂದೊಂದು ಹಂತ ಮುಗಿದ ಮೇಲೂ ನುಡಿಸಿ ಕೇಳಬೇಕು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಅಂತ ತಿಳಿಯುವುದೇ ಇಲ್ಲ. ಎಷ್ಟೋ ಬೇಸ್‌ಗಳು ಮೂರನೇ ಹಂತಕ್ಕೇ ಸರಿಹೋಗುತ್ತವೆ.

ವಾದಕ: ಕೆಲಸ ಮುಗಿದ ಮೇಲಿನ ಪರೀಕ್ಷೆ?

ರಿಪೇರಿಯವರು: ಮುಚ್ಚಳ ಹಾಕುವ ಮೊದಲು ಕೇಬಲ್ ಹಾಕಿ, ಪಿಕಪ್ ಮೇಲೆ ಸ್ಕ್ರೂಡ್ರೈವರ್‌ನಿಂದ ಮೆಲ್ಲಗೆ ತಟ್ಟಿದರೆ ಟಕ್ ಅಂತ ಕೇಳಬೇಕು, ಎರಡನ್ನೂ ಬೇರೆ ಬೇರೆಯಾಗಿ. ಪ್ರತಿ ಗುಂಡಿಯನ್ನೂ ಒಂದು ತುದಿಯಿಂದ ಇನ್ನೊಂದಕ್ಕೆ ತಿರುಗಿಸಿ, ಎರಡೂ ಪಿಕಪ್ ತೆರೆದಾಗ ಬೇಸ್ ತುಂಬಿ ಬರುತ್ತದೆಯೇ ನೋಡಬೇಕು. ಬ್ರಿಡ್ಜ್‌ನಿಂದ ಜ್ಯಾಕ್‌ನ ಮೈಗೆ ಮೀಟರ್ ಹಿಡಿದರೆ ಸೊನ್ನೆಗೆ ಹತ್ತಿರ ತೋರಿಸಬೇಕು, ಬ್ರಿಡ್ಜ್ ವೈರು ಬಿಟ್ಟ ಆಕ್ಟಿವ್ ಪಿಕಪ್‌ಗೆ ಮಾತ್ರ ಇದು ಅನ್ವಯಿಸುವುದಿಲ್ಲ. ಮುಚ್ಚಳ ಬಿಗಿದ ಮೇಲೆ ಇವೆಲ್ಲವನ್ನೂ ಇನ್ನೊಂದು ಸಲ ಮಾಡಬೇಕು, ಒತ್ತಡಕ್ಕೆ ವೈರು ಹಾಳೆಗೆ ತಾಗಿ ಶಾರ್ಟ್ ಆಗುವುದುಂಟು. ಹಾಕಿದ ಪಾಟ್, ಕೆಪ್ಯಾಸಿಟರ್, ಪಿಕಪ್‌ಗಳ ಮೌಲ್ಯವನ್ನೂ ವೈರಿಂಗ್ ಚಿತ್ರವನ್ನೂ ಒಂದು ಚೀಟಿಯಲ್ಲಿ ಬರೆದು ಗಿಟಾರ್ ಚೀಲದಲ್ಲಿ ಇಟ್ಟರೆ, ಮುಂದೆ ರಿಪೇರಿ ಮಾಡುವವರು ಮತ್ತೆ ಮೊದಲಿನಿಂದ ಹುಡುಕಬೇಕಾಗಿಲ್ಲ.